ಬಿಸಿಲು, ಹೃದಯದ ಮಾತ್ರೆ, ಕುಡಿಯುವ ನೀರು: ಪದೇ ಪದೇ ಕೇಳುವ ಪ್ರಶ್ನೆಗಳು

ಬಿಸಿಲು ಏರಿದ ಕೂಡಲೇ ಹೃದಯದ ಕಾಯಿಲೆ ಇರುವವರ ಮನೆಯಲ್ಲಿ ಒಂದು ಗೊಂದಲ ಶುರುವಾಗುತ್ತದೆ. ಸಿಕ್ಕವರೆಲ್ಲ "ನೀರು ಚೆನ್ನಾಗಿ ಕುಡಿಯಿರಿ" ಅನ್ನುತ್ತಾರೆ. ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ "ದಿನಕ್ಕೆ ಒಂದೂವರೆ ಲೀಟರ್, ಅಷ್ಟೇ" ಅಂತ ಬರೆದಿರುತ್ತದೆ. ಯಾರ ಮಾತು ಕೇಳುವುದು? ನಾನು ಡಾಕ್ಟರ್ ಅಲ್ಲ. ಹೃದಯ ದುರ್ಬಲವಾಗಿರುವ ಅಪ್ಪನನ್ನು ಹಲವು ಬೇಸಿಗೆ ನೋಡಿಕೊಂಡವಳು, ಕೆಲವು ಪಾಠ ತಡವಾಗಿ ಕಲಿತವಳು. ಡಾಕ್ಟರ್ ಹತ್ತಿರ ಕೇಳಿ ತಿಳಿದದ್ದು, ಓದಿ ಖಚಿತ ಮಾಡಿಕೊಂಡದ್ದು ಇಲ್ಲಿದೆ. ನಿಮ್ಮ ಮಾತ್ರೆಯ ಅಳತೆ ಬದಲಾಯಿಸುವವರು ನಿಮ್ಮ ಡಾಕ್ಟರೇ. ಅವರ ಹತ್ತಿರ ಏನು ಕೇಳಬೇಕು ಅಂತ ಗೊತ್ತಾಗಲಿ ಅನ್ನುವುದಕ್ಕೆ ಇದನ್ನು ಬರೆದಿದ್ದೇನೆ.

ಬೆವರುವುದು ಚರ್ಮ ತಾನೇ, ಹೃದಯಕ್ಕೇನು ತೊಂದರೆ?

ಮೈ ತಣ್ಣಗಾಗಲು ಮುಖ್ಯವಾಗಿ ಎರಡು ದಾರಿ. ಒಳಗಿನ ಬಿಸಿ ರಕ್ತವನ್ನು ಚರ್ಮದ ಹತ್ತಿರ ತಂದು ಬಿಸಿಯನ್ನು ಹೊರಗೆ ಬಿಡುವುದು ಒಂದು. ಬೆವರಿ, ಆ ಬೆವರು ಆರುವಾಗ ತಂಪಾಗುವುದು ಇನ್ನೊಂದು. ಮೊದಲನೆಯದಕ್ಕೆ ಚರ್ಮದ ರಕ್ತನಾಳಗಳು ಅಗಲವಾಗಬೇಕು, ಅಷ್ಟೂ ನಾಳಗಳಿಗೆ ರಕ್ತ ತುಂಬಬೇಕು, ಅದನ್ನು ತಳ್ಳುವ ಕೆಲಸ ಹೃದಯದ್ದೇ. ತುಂಬಾ ಸೆಖೆ ಇರುವ ದಿನ ತಂಪಿನ ದಿನಕ್ಕಿಂತ ನಿಮಿಷಕ್ಕೆ ಎರಡರಿಂದ ನಾಲ್ಕು ಪಟ್ಟು ರಕ್ತವನ್ನು ಅದು ಓಡಿಸಬೇಕಾಗುತ್ತದೆ. ಗಟ್ಟಿ ಹೃದಯ ಇದನ್ನು ನಿಭಾಯಿಸುತ್ತದೆ. ದುರ್ಬಲ ಹೃದಯ ಏದುಸಿರು ಬಿಡುತ್ತದೆ.

ಎರಡನೆಯದು ಬೆವರು. ಬೆವರಿನ ಜೊತೆ ನೀರೂ ಹೋಗುತ್ತದೆ, ಉಪ್ಪೂ ಹೋಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಬೆವರು ಆರುವುದೇ ಇಲ್ಲ, ಮೈಯಿಂದ ಇಳಿಯುತ್ತದೆ ಅಷ್ಟೇ. ನೀರು ಕಳೆದುಕೊಂಡದ್ದು ಬಂತು, ತಂಪು ಮಾತ್ರ ಸಿಗಲಿಲ್ಲ. ಅದಕ್ಕೇ ಒಣ ಬಿಸಿಲಿಗಿಂತ ಬೆವರು ಆರದ ಸೆಖೆಗೆ ನಾನು ಜಾಸ್ತಿ ಹೆದರುತ್ತೇನೆ.

ಇನ್ನೊಂದು ಮಾತು. ಮೈ ಬಿಸಿಲಿಗೆ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ಹಾಗಾಗಿ ಬೇಸಿಗೆಯ ಮೊದಲ ಬಿಸಿ ದಿನಗಳೇ ಹೆಚ್ಚು ಅಪಾಯದವು.

ಯಾವ ಮಾತ್ರೆಗಳ ಬಗ್ಗೆ ಬಿಸಿಲಲ್ಲಿ ಜಾಸ್ತಿ ಎಚ್ಚರ ಬೇಕು?

ಮೊದಲು ನೀರಿಳಿಸುವ ಮಾತ್ರೆಗಳು. ಫ್ಯೂರೋಸಮೈಡ್, ಟಾರ್ಸಮೈಡ್, ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್‌ಥ್ಯಾಲಿಡೋನ್, ಸ್ಪೈರೊನೊಲ್ಯಾಕ್ಟೋನ್. ಇವು ಮೂತ್ರದ ಮೂಲಕ ನೀರು ಮತ್ತು ಉಪ್ಪನ್ನು ಹೊರಗೆ ಹಾಕುತ್ತವೆ. ಚಳಿಗಾಲದಲ್ಲಿ ಸರಿಯಾಗಿದ್ದ ಅಳತೆ, ಲೀಟರ್‌ಗಟ್ಟಲೆ ಬೆವರುವ ದಿನಗಳಲ್ಲಿ ಜಾಸ್ತಿಯಾಗಬಹುದು. ಒಂದು ಕಡೆ ಮಾತ್ರೆ ನೀರು ಎಳೆಯುತ್ತದೆ, ಇನ್ನೊಂದು ಕಡೆ ಬೆವರು ಎಳೆಯುತ್ತದೆ.

ಆಮೇಲೆ ಎನಾಲಪ್ರಿಲ್, ರಾಮಿಪ್ರಿಲ್ ತರಹ "ಪ್ರಿಲ್" ಅಂತ ಮುಗಿಯುವವು, ಲೋಸಾರ್ಟನ್, ಟೆಲ್ಮಿಸಾರ್ಟನ್ ತರಹ "ಸಾರ್ಟನ್" ಅಂತ ಮುಗಿಯುವವು, ಸಕ್ಯುಬಿಟ್ರಿಲ್ ಮತ್ತು ವಲ್ಸಾರ್ಟನ್ ಜೊತೆಯಾಗಿರುವ ಮಾತ್ರೆ. ಇವು ಹೃದಯಕ್ಕೆ ತುಂಬಾ ಒಳ್ಳೆಯವು. ಆದರೆ ಮೈಯಲ್ಲಿ ನೀರು ಕಡಿಮೆಯಾದಾಗ ಬಿಪಿ ಕುಸಿಯದಂತೆ ತಡೆಯುವ ಏರ್ಪಾಡನ್ನೇ ಇವು ಸಡಿಲ ಮಾಡಿರುತ್ತವೆ. ಆಗ ಬಿಪಿ ಇಳಿಯುತ್ತದೆ, ಕಿಡ್ನಿಗೆ ರಕ್ತ ಕಡಿಮೆಯಾಗುತ್ತದೆ, ಪೊಟ್ಯಾಸಿಯಂ ಏರಬಹುದು.

ಮೆಟೊಪ್ರೊಲೋಲ್, ಬೈಸೊಪ್ರೊಲೋಲ್, ಕಾರ್ವೆಡಿಲೋಲ್ ತರಹದ ಬೀಟಾ ಬ್ಲಾಕರ್‌ಗಳು ಬೇರೆ ರೀತಿ. ಸೆಖೆಯಲ್ಲಿ ಹೃದಯ ಬೇಗ ಬೇಗ ಬಡಿಯಬೇಕು, ಇವು ಬಿಡುವುದಿಲ್ಲ. ಚರ್ಮಕ್ಕೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಅಂದರೆ ಮೈ ತಣ್ಣಗಾಗುವುದು ನಿಧಾನ. ಈ ಮಾತ್ರೆ ತೆಗೆದುಕೊಳ್ಳುವವರ ನಾಡಿ ಎಣಿಸಿ "ಎಪ್ಪತ್ತಿದೆ, ಆರಾಮಾಗಿದ್ದಾರೆ" ಅಂದುಕೊಳ್ಳುವುದು ತಪ್ಪು. ನೀರು ಬತ್ತಿದ್ದರೂ ನಾಡಿ ಏರದೇ ಇರಬಹುದು.

ಡಿಗಾಕ್ಸಿನ್ ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಸಾಕಾದ ಅಳತೆಗೂ ವಿಷವಾಗುವ ಅಳತೆಗೂ ನಡುವೆ ಅಂತರ ಕಡಿಮೆ. ನೀರು ಬತ್ತಿ ಕಿಡ್ನಿ ಕೆಲಸ ತಗ್ಗಿದರೆ ಆ ಔಷಧ ಮೈಯಲ್ಲೇ ಉಳಿದುಬಿಡುತ್ತದೆ. ಊಟ ಸೇರದಿರುವುದು, ವಾಕರಿಕೆ, ಕಣ್ಣಿಗೆ ಹಳದಿ ಹಳದಿಯಾಗಿ ಕಾಣುವುದು, ನಾಡಿ ತೀರಾ ನಿಧಾನವಾಗುವುದು ಅದರ ಲಕ್ಷಣ. ಬಿಸಿಲಿಗೆ ಹಸಿವಿಲ್ಲ ಅಂತ ಸುಮ್ನೆ ಬಿಡಬೇಡಿ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇವೆಯಲ್ಲ, ಸಕ್ಕರೆ ಕಾಯಿಲೆಗೂ ಹೃದಯಕ್ಕೂ ಕೊಡುವವು, ಅವೂ ಮೂತ್ರ ಜಾಸ್ತಿ ಮಾಡುತ್ತವೆ. "ಇದು ಶುಗರ್ ಮಾತ್ರೆ" ಅಂತ ಲೆಕ್ಕದಿಂದ ಬಿಡಬೇಡಿ. ಹೃದಯದ ಬಡಿತ ಸರಿಪಡಿಸುವ ಅಮಿಯೊಡರೋನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ತೆಗೆದುಕೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ತುಂಬು ತೋಳಿನ ಬಟ್ಟೆ, ಟೋಪಿ ಬೇಕೇ ಬೇಕು.

ಹಾಗಾದರೆ ಬೇಸಿಗೆ ಮುಗಿಯುವ ತನಕ ನಾನೇ ಮಾತ್ರೆ ಕಡಿಮೆ ಮಾಡಿಕೊಳ್ಳಲಾ?

ಬೇಡ. ದಯವಿಟ್ಟು ಬೇಡ. ಬೀಟಾ ಬ್ಲಾಕರ್ ಒಮ್ಮೆಲೇ ನಿಲ್ಲಿಸಿದರೆ ಎದೆನೋವು ಮರುಕಳಿಸಬಹುದು, ಹೃದಯಾಘಾತವೂ ಆಗಬಹುದು. ನೀರಿಳಿಸುವ ಮಾತ್ರೆ ಬಿಟ್ಟರೆ ಕೆಲವೇ ದಿನದಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿ, ರಾತ್ರಿ ಮಲಗಲಾಗದೆ ಎದ್ದು ಕೂರುವ ಸ್ಥಿತಿ ಬರಬಹುದು. ರಕ್ತ ತೆಳು ಮಾಡುವ ಮಾತ್ರೆಯನ್ನಂತೂ ಮುಟ್ಟಲೇಬೇಡಿ. ಬೇಸಿಗೆಗೆ ಅಳತೆ ಕಡಿಮೆ ಮಾಡುವುದು ಉಂಟು, ಎಷ್ಟೋ ಜನಕ್ಕೆ ಮಾಡುತ್ತಾರೆ. ಆದರೆ ಬಿಪಿ, ತೂಕ, ರಕ್ತದ ಪರೀಕ್ಷೆ ನೋಡಿ ಡಾಕ್ಟರ್ ಮಾಡುತ್ತಾರೆ. ಯಾವ ಮಾತ್ರೆ, ಎಷ್ಟು, ಎಷ್ಟು ದಿನ ಅನ್ನುವ ಮೂರನ್ನೂ ಅವರೇ ಹೇಳಬೇಕು.

ಸರಿ, ಎಷ್ಟು ನೀರು ಕುಡಿಯಬೇಕು?

ಎಲ್ಲರಿಗೂ ಒಂದೇ ಉತ್ತರ ಇಲ್ಲ. ಮೊದಲು ನೀವು ಯಾವ ಗುಂಪಿನವರು ಅಂತ ತಿಳಿಯಬೇಕು.

ಬರೀ ಬಿಪಿ ಇದೆ, ಅಥವಾ ಸ್ಟೆಂಟ್ ಹಾಕಿದ್ದಾರೆ, ಹೃದಯದ ಪಂಪು ಸರಿಯಾಗಿದೆ, ಕಿಡ್ನಿಯೂ ಸರಿಯಾಗಿದೆ, ಡಾಕ್ಟರ್ ನೀರಿಗೆ ಮಿತಿ ಹೇಳಿಲ್ಲ. ಹಾಗಿದ್ದರೆ ಬಾಯಾರುವುದಕ್ಕೆ ಕಾಯದೆ ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಯಿರಿ. ಬೆವರಿದ ದಿನ ಇನ್ನೂ ಜಾಸ್ತಿ. ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ, ಅವರಿಗೆ ನೆನಪಿಸಿ ಕೊಡಬೇಕು.

ಹೃದಯ ವೈಫಲ್ಯ ಇದೆ, ಅಂದರೆ ಪಂಪು ದುರ್ಬಲವಾಗಿದೆ, ಮೈಯಲ್ಲಿ ನೀರು ನಿಲ್ಲುತ್ತದೆ. ಇಂಥವರಲ್ಲಿ ಕೆಲವರಿಗೆ ದಿನಕ್ಕೆ 1.5ರಿಂದ 2 ಲೀಟರ್ ಮಿತಿ ಹಾಕಿರುತ್ತಾರೆ. ಈ ಮಿತಿಯ ಬಗ್ಗೆ ವೈದ್ಯರ ನೋಟವೂ ಬದಲಾಗುತ್ತಿದೆ. ಯುರೋಪಿನ ಹೃದ್ರೋಗ ತಜ್ಞರ ಸಂಘದ 2021ರ ಮಾರ್ಗಸೂಚಿ ಇಂಥ ಬಿಗಿಯನ್ನು ಕಾಯಿಲೆ ತೀವ್ರವಾಗಿರುವವರಿಗೆ ಮತ್ತು ರಕ್ತದಲ್ಲಿ ಸೋಡಿಯಂ ಕಡಿಮೆ ಇರುವವರಿಗೆ ಯೋಚಿಸಬಹುದು ಅನ್ನುತ್ತದೆ. ಬಿಸಿಲು, ತೇವ ಜಾಸ್ತಿ ಇರುವಾಗ ಕುಡಿಯುವುದನ್ನು ಅದಕ್ಕೆ ತಕ್ಕ ಹಾಗೆ ಹೊಂದಿಸಿಕೊಳ್ಳಬೇಕು ಅಂತಲೂ ಅದರಲ್ಲೇ ಇದೆ. 2025ರಲ್ಲಿ ನೆದರ್ಲೆಂಡ್ಸ್‌ನ ಫ್ರೆಶ್‌ಅಪ್ ಅಧ್ಯಯನ ಬಂತು. ಕಾಯಿಲೆ ಹತೋಟಿಯಲ್ಲಿದ್ದ ರೋಗಿಗಳಿಗೆ ಒಂದೂವರೆ ಲೀಟರ್ ಮಿತಿ ಹಾಕಿದಾಗ ಸ್ಪಷ್ಟವಾದ ಲಾಭ ಕಾಣಲಿಲ್ಲ, ಬಾಯಾರಿಕೆಯ ಸಂಕಟ ಮಾತ್ರ ಜಾಸ್ತಿ ಇತ್ತು. ಹಾಗಂತ ನಿಮ್ಮ ಮಿತಿಯನ್ನು ಇವತ್ತೇ ಕಿತ್ತುಹಾಕಬೇಡಿ. "ಬಿಸಿಲು ಜಾಸ್ತಿ ಇರುವ ದಿನ ಎಷ್ಟು ಮಿಲಿ ಹೆಚ್ಚು ಕುಡಿಯಬಹುದು?" ಅಂತ ಕೇಳಿ, ಅಂಕಿಯನ್ನೇ ಬರೆಸಿಕೊಳ್ಳಿ.

ಅಪ್ಪನನ್ನು ಆಸ್ಪತ್ರೆಯಿಂದ ಕಳಿಸಿದ್ದು ಚಳಿಗಾಲದಲ್ಲಿ. ಚೀಟಿಯಲ್ಲಿ "1.5 ಲೀಟರ್" ಅಂತ ಇತ್ತು. ಬೇಸಿಗೆಗೆ ಬೇರೆ ಲೆಕ್ಕ ಇರಬಹುದು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಾಟಲಿಗೆ ಬಿಳಿ ಟೇಪು ಸುತ್ತಿ ಗೆರೆ ಎಳೆದಿದ್ದೆ. ಗೆರೆ ಮುಟ್ಟಿದ ಮೇಲೆ ಒಂದು ಗುಟುಕು ಕೇಳಿದರೂ "ಸಾಕಪ್ಪಾ" ಅನ್ನುತ್ತಿದ್ದೆ. ಹೊರಗೆ ಧಗೆ ಏರಿತ್ತು, ಗೆರೆ ಮಾತ್ರ ಚಳಿಗಾಲದ್ದೇ ಆಗಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮೈಯಲ್ಲಿ ನೀರು ಜಾಸ್ತಿಯಾಯಿತೋ ಕಡಿಮೆಯಾಯಿತೋ, ಮನೆಯಲ್ಲೇ ತಿಳಿಯುವುದು ಹೇಗೆ?

ತೂಕ ನೋಡಿ. ಇಡೀ ಪುಟದಲ್ಲಿ ಒಂದೇ ಒಂದು ಮಾತು ನೆನಪಿಡಿ ಅಂದರೆ ಇದನ್ನೇ ಹೇಳುತ್ತೇನೆ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಒಂದೆರಡು ದಿನದಲ್ಲಿ ಕೊಬ್ಬು ಒಂದು ಕಿಲೋ ಬೆಳೆಯುವುದೂ ಇಲ್ಲ, ಕರಗುವುದೂ ಇಲ್ಲ. ತೂಕ ದಿಢೀರ್ ಅಂತ ಏರಿದರೂ ಇಳಿದರೂ ಅದು ಬಹುಪಾಲು ನೀರೇ.

ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮೊದಲು, ಅದೇ ತರಹದ ತೆಳು ಬಟ್ಟೆಯಲ್ಲಿ, ಅದೇ ಯಂತ್ರದ ಮೇಲೆ ನಿಲ್ಲಬೇಕು. ಯಂತ್ರ ಗಟ್ಟಿ ನೆಲದ ಮೇಲಿರಲಿ. ಒಂದೇ ದಿನದಲ್ಲಿ 1 ಕಿಲೋಗಿಂತ ಜಾಸ್ತಿ, ಅಥವಾ 3 ದಿನದಲ್ಲಿ 2 ಕಿಲೋಗಿಂತ ಜಾಸ್ತಿ ಏರಿದರೆ ನೀರು ನಿಲ್ಲುತ್ತಿದೆ ಅಂತ ಅನುಮಾನಿಸಿ ಡಾಕ್ಟರಿಗೆ ಹೇಳಿ. ಕಾಲು ಊತ, ಮಲಗಿದರೆ ಉಸಿರು ಕಟ್ಟುವುದು ಜೊತೆಗಿದ್ದರೆ ಅದೇ ದಿನ ಹೇಳಿ. ಅಷ್ಟೇ ವೇಗದಲ್ಲಿ ತೂಕ ಇಳಿದು, ತಲೆಸುತ್ತು, ಬಾಯಿ ಒಣಗುವುದು, ಮೂತ್ರ ಕಡಿಮೆಯಾಗುವುದು, ಸುಸ್ತು ಬಂದರೆ ನೀರು ಬತ್ತುತ್ತಿದೆ. ಅದನ್ನೂ ಹೇಳಬೇಕು.

ಏರುವುದಕ್ಕೆ ಎಲ್ಲರೂ ಹೆದರುತ್ತಾರೆ. ಇಳಿದರೆ "ಒಳ್ಳೆಯದೇ ಆಯಿತು" ಅಂದುಕೊಳ್ಳುತ್ತಾರೆ. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಅಪ್ಪ ತಮ್ಮ ಕೈಯಾರೆ ಬರೆದ ಅಂಕಿಗಳು ಇನ್ನೂ ಇವೆ. 61.8, 61.2, 60.3, 59.4. ನಾಲ್ಕು ಬೆಳಿಗ್ಗೆ, ನಾಲ್ಕು ಅಂಕಿ, ಒಂದರ ಕೆಳಗೆ ಒಂದು. ನಾಲ್ಕನೇ ದಿನ ತಿಂಡಿ ಮುಗಿಸಿ ಕುರ್ಚಿಯಿಂದ ಎದ್ದರು, ಎರಡು ಹೆಜ್ಜೆ ಇಟ್ಟರು, ಕೈ ಗೋಡೆಯನ್ನು ಹುಡುಕುತ್ತಾ ಹೋಯಿತು. ಹಿಡಿದು ಕೂರಿಸಿದೆ. ಕೂತಾಗ ಮೇಲಿನ ಬಿಪಿ 112 ಇತ್ತು, ನಿಲ್ಲಿಸಿ ನೋಡಿದರೆ 86. ಡಾಕ್ಟರಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದೇ ತೂಕ. ನೀರಿಳಿಸುವ ಮಾತ್ರೆಯನ್ನು ಕೆಲವು ದಿನ ಅರ್ಧ ಮಾಡಿದರು, ನೀರಿನ ಅಳತೆ ಏರಿಸಿದರು, ಕಿಡ್ನಿಯ ರಕ್ತ ಪರೀಕ್ಷೆ ಮಾಡಿಸಿದರು. ಅಂಕಿಗಳು ಗೋಡೆಯ ಮೇಲೆ ನಾಲ್ಕು ದಿನದಿಂದ ಕಾಣುತ್ತಲೇ ಇದ್ದವು. ಬರೆದಿದ್ದೆವು, ಓದಿರಲಿಲ್ಲ.

ಮೂತ್ರದ ಬಣ್ಣ ನೋಡಿದರೆ ಸಾಲದಾ?

ನೀರಿಳಿಸುವ ಮಾತ್ರೆ ತೆಗೆದುಕೊಳ್ಳದವರಿಗೆ ಅದು ಒಳ್ಳೆಯ ಗುರುತು. ಗಾಢ ಹಳದಿಯಾದರೆ ನೀರು ಕಡಿಮೆ. ಆದರೆ ಫ್ಯೂರೋಸಮೈಡ್ ತರಹದ ಮಾತ್ರೆ ನುಂಗಿದ ಮೇಲೆ, ಮೈಯಲ್ಲಿ ನೀರು ಕಡಿಮೆ ಇದ್ದರೂ ಮೂತ್ರ ತಿಳಿಯಾಗಿಯೇ ಬರಬಹುದು. ಮಾತ್ರೆ ಬಲವಂತವಾಗಿ ಹೊರಗೆ ತಳ್ಳುತ್ತಿರುತ್ತದೆ ಅಲ್ವಾ. ಬಣ್ಣ ತಿಳಿಯಾಗಿದೆ ಅಂತ ನೆಮ್ಮದಿಯಾಗಿರಬೇಡಿ, ತೂಕವನ್ನೇ ನಂಬಿ.

ಎದ್ದು ನಿಂತ ಕೂಡಲೇ ಕಣ್ಣಿಗೆ ಕತ್ತಲೆ ಬರುತ್ತದೆ. ಏನು ಮಾಡಲಿ?

ತಕ್ಷಣ ಕೂತುಬಿಡಿ, ಆಗದಿದ್ದರೆ ಮಲಗಿ. ಕಾಲು ಸ್ವಲ್ಪ ಎತ್ತರದಲ್ಲಿರಲಿ, ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಮಾತ್ರ. ಬಿಪಿ ಯಂತ್ರ ಇದ್ದರೆ ಕೂತು ಐದು ನಿಮಿಷ ಆದ ಮೇಲೆ ಒಮ್ಮೆ, ನಿಂತ ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಮತ್ತೆ ನೋಡಿ. ನಿಂತಾಗ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಗಮನಿಸಬೇಕಾದ ಇಳಿಕೆ. ಎರಡೂ ಅಂಕಿ ಬರೆದುಕೊಂಡು ಡಾಕ್ಟರಿಗೆ ಹೇಳಿ. ಬರೀ "ತಲೆಸುತ್ತು" ಅಂದರೆ ಅವರಿಗೆ ಸಿಗುವ ಸುಳಿವು ಕಡಿಮೆ, "ಕೂತಾಗ ಇಷ್ಟು, ನಿಂತಾಗ ಇಷ್ಟು" ಅಂದರೆ ಮುಂದೆ ಏನು ಮಾಡಬೇಕು ಅನ್ನುವುದು ಬೇಗ ತೀರ್ಮಾನವಾಗುತ್ತದೆ.

ಹಾಸಿಗೆಯಿಂದ ಏಳುವಾಗ ಮೊದಲು ಅಂಚಿನಲ್ಲಿ ಕೂತು, ಪಾದ ಮೇಲೆ ಕೆಳಗೆ ಆಡಿಸಿ, ಆಮೇಲೆ ಎದ್ದೇಳಿ. ರಾತ್ರಿ ಮೂತ್ರಕ್ಕೆ ಏಳುವಾಗ ದೀಪ ಹಾಕಿಕೊಂಡೇ ಹೋಗಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ತಲೆಗೆ ಪೆಟ್ಟಾದರೆ, ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಬೇಕು.

ಅಳತೆಯ ನೀರು ಮುಗಿದಿದೆ, ಬಾಯಾರಿಕೆ ತಡೆಯಲಾಗುತ್ತಿಲ್ಲ. ದಾರಿ ಇದೆಯಾ?

ಇದೆ. ಬಾಯಿ ಮುಕ್ಕಳಿಸಿ ಉಗುಳಿ, ಒಳಗೆ ಹೋಗದಿದ್ದರೂ ಬಾಯಿ ಒದ್ದೆಯಾಗುತ್ತದೆ. ಒಂದು ಸಣ್ಣ ಮಂಜುಗಡ್ಡೆ ಚೂರು ಬಾಯಲ್ಲಿಡಿ, ಒಂದು ಗುಟುಕು ನೀರಿಗಿಂತ ಜಾಸ್ತಿ ಹೊತ್ತು ಸಮಾಧಾನ ಕೊಡುತ್ತದೆ. ಅದು ಕರಗಿದ ನೀರನ್ನೂ ಲೆಕ್ಕಕ್ಕೆ ಸೇರಿಸಿ. ದೊಡ್ಡ ಲೋಟದ ಬದಲು ಪುಟ್ಟ ಲೋಟ. ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್. ತುಟಿಗೆ ಮುಲಾಮು. ಉಪ್ಪು ಕಡಿಮೆ ತಿಂದರೆ ಬಾಯಾರಿಕೆಯೇ ಕಡಿಮೆಯಾಗುತ್ತದೆ, ಇದು ಒಂದು ವಾರದಲ್ಲಿ ನಮಗೇ ಗೊತ್ತಾಯಿತು. ಬೆಳಿಗ್ಗೆಯೇ ಎಲ್ಲ ಖರ್ಚು ಮಾಡಿಬಿಡಬೇಡಿ, ಸೆಖೆ ಏರುವ ಮಧ್ಯಾಹ್ನಕ್ಕೆ ದೊಡ್ಡ ಪಾಲು ಇಟ್ಟುಕೊಳ್ಳಿ.

ಕಾಫಿ, ಚಹಾ, ಹಾಲು, ಸೂಪ್, ಹಣ್ಣಿನ ರಸ ಎಲ್ಲವೂ ಆ ಅಳತೆಯಲ್ಲೇ ಸೇರುತ್ತವೆ. ಇಷ್ಟೆಲ್ಲ ಮಾಡಿಯೂ ಬಾಯಾರಿಕೆ ತಣಿಯದಿದ್ದರೆ, ಅದನ್ನು ರೋಗಿಯ ಹಟ ಅಂದುಕೊಳ್ಳಬೇಡಿ. ನೀರು ನಿಜವಾಗಿಯೂ ಕಡಿಮೆಯಾಗಿರಬಹುದು, ಸಕ್ಕರೆ ಏರಿರಬಹುದು. ತೂಕ ನೋಡಿ, ಡಾಕ್ಟರಿಗೆ ಹೇಳಿ.

ಓಆರ್‌ಎಸ್ ಅಥವಾ ಉಪ್ಪು ಸಕ್ಕರೆ ನೀರು ಕುಡಿಯಬಹುದಾ?

ಬಿಸಿಲಿಗೆ ಸುಮ್ನೆ ತಂಪು ಪಾನೀಯದ ಹಾಗೆ ಕುಡಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಒಂದು ಲೀಟರ್ ಓಆರ್‌ಎಸ್‌ನಲ್ಲಿ ಇರುವ ಒಟ್ಟು ಸೋಡಿಯಂ ಸುಮಾರು 4.4 ಗ್ರಾಂ ಉಪ್ಪಿಗೆ ಸಮ. ಅದೇ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ. ಒಂದು ಲೀಟರಿನಲ್ಲೇ ದಿನದ ಉಪ್ಪು ಹತ್ತಿರ ಹತ್ತಿರ ಮುಗಿಯಿತು. ಹೃದಯ ವೈಫಲ್ಯ ಇರುವವರ ಮೈ ಆ ಉಪ್ಪಿನ ಜೊತೆ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ವಾಂತಿ ಭೇದಿಯಾಗಿ ನೀರು ನಿಜವಾಗಿ ಹೋಗುತ್ತಿರುವಾಗ ಅದು ಔಷಧ, ಆಗಲೂ ಎಷ್ಟು ಅಂತ ಕೇಳಿಕೊಂಡೇ ಕುಡಿಯಬೇಕು.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. "ಸೋಡಿಯಂ ಕಡಿಮೆ ಇರುವ ಉಪ್ಪು" ಅಂತ ಮಾರುವ ಪೊಟ್ಟಣಗಳಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಬೇರೆಯವರಿಗೆ ಅದು ಒಳ್ಳೆಯದಿರಬಹುದು. ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್, ಟೆಲ್ಮಿಸಾರ್ಟನ್ ತರಹದ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಕಿಡ್ನಿ ದುರ್ಬಲ ಇರುವವರಲ್ಲಿ ರಕ್ತದ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಿ.

ವಾಂತಿ, ಭೇದಿ, ಜ್ವರ ಬಂದ ದಿನವೂ ಎಲ್ಲ ಮಾತ್ರೆ ನುಂಗಬೇಕಾ?

ಈ ಪ್ರಶ್ನೆಯನ್ನು ಕಾಯಿಲೆ ಬೀಳುವ ಮೊದಲೇ ಡಾಕ್ಟರಿಗೆ ಕೇಳಿ ಇಟ್ಟುಕೊಂಡಿರಬೇಕು. ನೀರು ಹೋಗುತ್ತಿದೆ, ಹೊಟ್ಟೆಗೆ ಏನೂ ನಿಲ್ಲುತ್ತಿಲ್ಲ ಅಂದಾಗ ನೀರಿಳಿಸುವ ಮಾತ್ರೆ, ಪ್ರಿಲ್ ಮತ್ತು ಸಾರ್ಟನ್ ಮಾತ್ರೆಗಳು, ಡಾಪಾಗ್ಲಿಫ್ಲೋಜಿನ್ ತರಹದವು, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಇವನ್ನು ಕೆಲವು ದಿನ ನಿಲ್ಲಿಸಲು ಹೇಳುವುದುಂಟು. ಊಟ, ನೀರು ಸರಿಯಾಗಿ ಸೇರತೊಡಗಿದ ಮೇಲೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ, ಮತ್ತೆ ಶುರು ಮಾಡಿಸುತ್ತಾರೆ. ಎಲ್ಲರಿಗೂ ಈ ಪಟ್ಟಿ ಒಂದೇ ಅಲ್ಲ. ನಿಲ್ಲಿಸುವುದನ್ನು ಕೇಳಿದ ಹಾಗೆಯೇ, ಮತ್ತೆ ಶುರು ಮಾಡುವುದು ಯಾವಾಗ ಅಂತಲೂ ಕೇಳಿ. ನಿಲ್ಲಿಸಿದ್ದನ್ನು ಮರೆತು ತಿಂಗಳುಗಟ್ಟಲೆ ಬಿಟ್ಟವರೂ ಇದ್ದಾರೆ.

ವಾರ್ಫರಿನ್ ತೆಗೆದುಕೊಳ್ಳುವವರು ಊಟ ಬಿಟ್ಟಾಗ, ಭೇದಿಯಾದಾಗ ರಕ್ತ ಇನ್ನೂ ತೆಳುವಾಗಬಹುದು. ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಐಎನ್‌ಆರ್ ಪರೀಕ್ಷೆ ಬೇಗ ಮಾಡಿಸಿ.

ಹೊರಗೆ ಹೋಗುವ ದಿನ ನೀರಿಳಿಸುವ ಮಾತ್ರೆ ಬಿಟ್ಟರೆ ನಡೆಯುತ್ತದಾ?

ಶೌಚಾಲಯ ಸಿಗುವುದಿಲ್ಲ ಅನ್ನುವ ಸಂಕೋಚಕ್ಕೆ ಮಾತ್ರೆಯನ್ನೂ ಬಿಟ್ಟು, ನೀರನ್ನೂ ಬಿಟ್ಟು ಹೊರಡುವವರು ಬಹಳ, ಹೆಂಗಸರು ಇನ್ನೂ ಜಾಸ್ತಿ. ಅವರ ಕಷ್ಟ ನಿಜ. ಆದರೆ ಬಿಡುವ ಬದಲು ಹೊತ್ತು ಬದಲಾಯಿಸಬಹುದು. ಬೆಳಿಗ್ಗೆಯ ಮಾತ್ರೆಯನ್ನು ಮನೆಗೆ ಬಂದ ಮೇಲೆ ಮಧ್ಯಾಹ್ನ ತೆಗೆದುಕೊಳ್ಳಬಹುದಾ ಅಂತ ಡಾಕ್ಟರಿಗೆ ಕೇಳಿ, ಅನೇಕರಿಗೆ ಒಪ್ಪುತ್ತಾರೆ. ತೀರಾ ಸಂಜೆಗೆ ತಳ್ಳಿದರೆ ರಾತ್ರಿಯ ನಿದ್ದೆ ಹಾಳು.

ಬಿಸಿಲಿಗೆ ತಲೆನೋವು, ಮೈಕೈ ನೋವು. ನೋವಿನ ಮಾತ್ರೆ ತೆಗೆದುಕೊಳ್ಳಲಾ?

ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್ ಬೇಡ. ಇವು ಉಪ್ಪು ಮತ್ತು ನೀರನ್ನು ಮೈಯಲ್ಲಿ ಹಿಡಿದಿಡುತ್ತವೆ. ನೀರಿಳಿಸುವ ಮಾತ್ರೆ, ಪ್ರಿಲ್ ಅಥವಾ ಸಾರ್ಟನ್ ಮಾತ್ರೆ, ಇವುಗಳ ಜೊತೆ ಈ ನೋವಿನ ಮಾತ್ರೆ, ಮೂರೂ ಸೇರಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ನೀರು ಬತ್ತಿದ ದಿನ ಇನ್ನೂ ಕೆಟ್ಟದ್ದು. ಪ್ಯಾರಸಿಟಮಾಲ್ ಸಾಮಾನ್ಯವಾಗಿ ಸುರಕ್ಷಿತ, ಆದರೆ ನೀರಿನಲ್ಲಿ ಬುಸ್ಸೆಂದು ಕರಗುವ ಬಗೆಯದರಲ್ಲಿ ಸೋಡಿಯಂ ಜಾಸ್ತಿ, ಮಾಮೂಲಿ ಮಾತ್ರೆಯೇ ಇರಲಿ. ಡಾಕ್ಟರ್ ಹೃದಯಕ್ಕೆ ಅಂತ ಕೊಟ್ಟ ಚಿಕ್ಕ ಆಸ್ಪಿರಿನ್ ಬೇರೆ ವಿಷಯ, ಅದನ್ನು ಬಿಡಬೇಡಿ. ನೆಗಡಿ, ಅಲರ್ಜಿಯ ಕೆಲವು ಮಾತ್ರೆಗಳು ಬೆವರುವುದನ್ನೇ ಕಡಿಮೆ ಮಾಡುತ್ತವೆ, ಅಂಗಡಿಯಲ್ಲಿ ಕೊಳ್ಳುವಾಗ ನಿಮ್ಮ ಹೃದಯದ ಮಾತ್ರೆಗಳ ಹೆಸರು ಹೇಳಿ ಕೊಳ್ಳಿ.

ಸೆಖೆಯಲ್ಲಿ ಪಾದ ಊದುತ್ತದೆ. ಹೃದಯ ಕೆಟ್ಟಿತಾ?

ಇರಬಹುದು, ಇಲ್ಲದೆಯೂ ಇರಬಹುದು. ಸೆಖೆಗೆ ರಕ್ತನಾಳ ಅಗಲವಾಗಿ ಪಾದ ಊದುವುದುಂಟು, ಬಿಪಿಗೆ ಅಮ್ಲೊಡಿಪಿನ್ ತೆಗೆದುಕೊಳ್ಳುವವರಿಗೆ ಆ ಮಾತ್ರೆಯಿಂದಲೂ ಊದುತ್ತದೆ. ಕಾಲು ಎತ್ತಿಟ್ಟು ಮಲಗಿದರೆ ಬೆಳಿಗ್ಗೆಗೆ ಇಳಿದು, ತೂಕವೂ ಏರದೆ, ಉಸಿರೂ ಸರಾಗವಾಗಿದ್ದರೆ ಗಾಬರಿ ಬೇಡ, ಮುಂದಿನ ಭೇಟಿಯಲ್ಲಿ ಹೇಳಿ. ತೂಕ ಏರುತ್ತಿದ್ದರೆ ಅಥವಾ ಒಂದೇ ಕಾಲು ಊದಿ ನೋಯುತ್ತಿದ್ದರೆ ಕಾಯಬೇಡಿ. ಊತ ಕಂಡ ಕೂಡಲೇ ನೀರಿಳಿಸುವ ಮಾತ್ರೆ ಒಂದು ಜಾಸ್ತಿ ನುಂಗುವ ಅಭ್ಯಾಸ ತುಂಬಾ ಕೆಟ್ಟದ್ದು.

ಮದ್ಯ?

ಸೆಖೆಯ ದಿನ ಬೇಡ. ಮೂತ್ರ ಜಾಸ್ತಿ ಮಾಡುತ್ತದೆ, ಬಿಪಿ ಇಳಿಸುತ್ತದೆ.

ಫ್ಯಾನ್ ಸಾಕಾ? ತಣ್ಣೀರು ಸ್ನಾನ ಮಾಡಬಹುದಾ?

ಗಾಳಿಯ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಫ್ಯಾನ್ ತಂಪು ಕೊಡುವುದಿಲ್ಲ, ಬಿಸಿ ಗಾಳಿಯನ್ನೇ ಮೈಗೆ ಬೀಸುತ್ತದೆ. ಅದಕ್ಕಿಂತ ಕಡಿಮೆ ಇದ್ದಾಗ ಒದ್ದೆ ಬಟ್ಟೆಯಲ್ಲಿ ತೋಳು, ಕತ್ತು, ಮುಖ ಒರೆಸಿ ಫ್ಯಾನ್ ಕೆಳಗೆ ಕೂತರೆ ಚೆನ್ನಾಗಿ ತಂಪಾಗುತ್ತದೆ. ನೀರಿನ ಮಿತಿ ಇರುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಹೊರಗಿನಿಂದ ತಂಪಾದಷ್ಟೂ ಬೆವರು ಕಡಿಮೆ, ಕುಡಿಯಬೇಕಾದ ನೀರೂ ಕಡಿಮೆ. ಹಗಲು ಪರದೆ ಎಳೆದು, ರಾತ್ರಿ ಹೊರಗೆ ತಂಪಾದ ಮೇಲೆ ಕಿಟಕಿ ತೆಗೆಯಿರಿ.

ಸ್ನಾನಕ್ಕೆ ತೀರಾ ತಣ್ಣನೆಯ ನೀರನ್ನು ಒಮ್ಮೆಲೇ ಸುರಿದುಕೊಳ್ಳಬೇಡಿ. ರಕ್ತನಾಳ ಥಟ್ಟನೆ ಬಿಗಿಯಾಗಿ ಬಿಪಿ ಏರುತ್ತದೆ, ಬಡಿತ ತಪ್ಪಬಹುದು. ಉಗುರು ಬೆಚ್ಚಗಿನದಕ್ಕಿಂತ ಸ್ವಲ್ಪ ತಣ್ಣಗಿದ್ದರೆ ಸಾಕು, ಕಾಲಿನಿಂದ ಶುರು ಮಾಡಿ.

ಮಾತ್ರೆಗಳನ್ನು ಎಲ್ಲಿಡಬೇಕು?

ಡಬ್ಬಿಯ ಮೇಲೆ 25 ಅಥವಾ 30 ಡಿಗ್ರಿ ಮೀರದಿರಲಿ ಅಂತ ಬರೆದಿರುತ್ತದೆ, ಅದನ್ನು ಓದಿ. ಒಲೆಯ ಹತ್ತಿರ, ಕಿಟಕಿಯ ಕಟ್ಟೆ, ಬಚ್ಚಲುಮನೆ ಬೇಡ. ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಬಿಸಿ ಸುಮಾರು 10 ಡಿಗ್ರಿ ಏರುತ್ತದೆ, ಅಲ್ಲಿ ಬಿಡಬೇಡಿ. ಹೆದರಿ ಎಲ್ಲವನ್ನೂ ಫ್ರಿಜ್ಜಿಗೆ ತುಂಬುವುದೂ ತಪ್ಪು, ತೇವ ಹಿಡಿಯುತ್ತದೆ. ಹಾಗೆ ಇಡಿ ಅಂತ ಬರೆದಿದ್ದರೆ ಮಾತ್ರ ಇಡಿ.

ಎದೆನೋವಿಗೆ ನಾಲಿಗೆಯ ಕೆಳಗಿಡುವ ನೈಟ್ರೋಗ್ಲಿಸರಿನ್ ಮಾತ್ರೆ ಬಿಸಿಗೆ, ಬೆಳಕಿಗೆ, ಗಾಳಿಗೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಅದು ಬಂದ ಗಾಜಿನ ಸೀಸೆಯಲ್ಲೇ ಇರಬೇಕು, ಮುಚ್ಚಳ ಬಿಗಿಯಾಗಿರಬೇಕು. ಹೊರಗೆ ಹೋಗುವಾಗ ಜೊತೆಯಲ್ಲಿರಲಿ, ಆದರೆ ಮೈಗೆ ತಾಗುವ ಜೇಬಿನಲ್ಲಿ ಬೇಡ, ಚೀಲದಲ್ಲಿಡಿ. ಇದನ್ನು ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಮೊದಲು ಕೂತುಕೊಳ್ಳಿ. ಸೆಖೆಗೆ ಬಿಪಿ ಮೊದಲೇ ಇಳಿದಿದ್ದರೆ ಇದರಿಂದ ಇನ್ನೂ ಇಳಿಯುತ್ತದೆ. ಆಸ್ಪಿರಿನ್ ಡಬ್ಬಿ ತೆಗೆದಾಗ ವಿನೆಗರ್ ತರಹ ಹುಳಿ ವಾಸನೆ ಬಂದರೆ ಅದು ಕೆಟ್ಟಿದೆ, ಎಸೆಯಿರಿ.

ಯಾವಾಗ ಆಂಬುಲೆನ್ಸ್ ಕರೆಯಬೇಕು?

ಮಾತು ತಡವರಿಸಿದರೆ, ಗೊಂದಲಗೊಂಡರೆ, ಪ್ರಜ್ಞೆ ತಪ್ಪಿದರೆ, ಫಿಟ್ಸ್ ಬಂದರೆ, ಮೈ ಬಿಸಿ 40 ಡಿಗ್ರಿ ತಲುಪಿದರೆ. ಬೆವರುತ್ತಿದ್ದರೂ ಅದು ಬಿಸಿಲಿನ ಆಘಾತ ಆಗಿರಬಹುದು, ಬೆವರು ನಿಲ್ಲುವ ತನಕ ಕಾಯಬೇಡಿ. ಕರೆ ಮಾಡಿ, ಬರುವ ತನಕ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈ ತುಂಬಾ ನೀರು ಹಾಕಿ ಗಾಳಿ ಬೀಸಿ. ಕತ್ತು, ಕಂಕುಳು, ತೊಡೆಯ ಸಂದಿಗೆ ತಣ್ಣನೆಯ ಒದ್ದೆ ಬಟ್ಟೆ ಇಡಿ. ಪ್ರಜ್ಞೆ ಸರಿಯಾಗಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಎದೆ ಹಿಂಡಿದ ಹಾಗೆ ನೋವು, ಕೂತರೂ ಉಸಿರು ಸಿಗದಿರುವುದು, ಬಡಿತ ತಪ್ಪಿ ಕಣ್ಣು ಕತ್ತಲಾಗುವುದು, ಇವಕ್ಕೂ ಆಂಬುಲೆನ್ಸ್. ಬರೀ ಸುಸ್ತು, ತಲೆನೋವು, ವಾಕರಿಕೆ, ಸ್ನಾಯು ಹಿಡಿದುಕೊಳ್ಳುವುದು ಇದ್ದರೆ ತಂಪಿನಲ್ಲಿ ಮಲಗಿಸಿ. ಅರ್ಧ ಗಂಟೆಯಲ್ಲಿ ಚೇತರಿಸದಿದ್ದರೆ ಆಗಲೂ ಕರೆಯಿರಿ.

ಬೇಸಿಗೆ ಶುರುವಾಗುವ ಮೊದಲು ಡಾಕ್ಟರ್ ಹತ್ತಿರ ಏನು ಮಾತಾಡಬೇಕು?

ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ತೆಗೆದುಕೊಂಡು ಹೋಗಿ. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವುದು), ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಒಮ್ಮೆ ಮಾಡಿಸಿ. ನಿಮ್ಮ ಸರಿಯಾದ ತೂಕ ಎಷ್ಟು, ಎಷ್ಟು ಇಳಿದರೆ ನೀರಿಳಿಸುವ ಮಾತ್ರೆ ಕಡಿಮೆ ಮಾಡಬೇಕು, ಎಷ್ಟು ಏರಿದರೆ ಫೋನ್ ಮಾಡಬೇಕು, ಬಿಪಿ ಎಷ್ಟಕ್ಕಿಂತ ಕೆಳಗೆ ಬಂದರೆ ಬೆಳಿಗ್ಗೆಯ ಮಾತ್ರೆಗೆ ಮೊದಲು ಕೇಳಬೇಕು, ರಜೆಯ ದಿನ ಯಾರಿಗೆ ಫೋನ್ ಮಾಡಬೇಕು, ಇಷ್ಟನ್ನೂ ಅವರ ಕೈಯಲ್ಲೇ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಡಾಕ್ಟರಿಗೆ ಹೊತ್ತಿಲ್ಲ ಅಂತ ಸಂಕೋಚ ಬೇಡ. ಐದು ನಿಮಿಷದ ಮಾತು ಇದು.

ಹೃದಯದ ಕಾಯಿಲೆ ಇರುವ ಅಮ್ಮ ಒಬ್ಬರೇ ಇರುತ್ತಾರೆ, ನಾನು ದೂರದಲ್ಲಿದ್ದೇನೆ. ಫೋನಿನಲ್ಲಿ ಏನು ಕೇಳಲಿ?

"ಚೆನ್ನಾಗಿದ್ದೀಯಾ ಅಮ್ಮ?" ಅಂದರೆ "ಚೆನ್ನಾಗಿದ್ದೀನಿ" ಅಂತಲೇ ಉತ್ತರ ಬರುತ್ತದೆ. ಅಂಕಿ ಕೇಳಿ. ಇವತ್ತು ಬೆಳಿಗ್ಗೆ ತೂಕ ಎಷ್ಟು, ನಿನ್ನೆ ಎಷ್ಟಿತ್ತು? ಬಿಪಿ ಎಷ್ಟು? ಬೆಳಿಗ್ಗೆಯಿಂದ ಎಷ್ಟು ಸಲ ಮೂತ್ರಕ್ಕೆ ಹೋದೆ? ಬಾಟಲಿಯಲ್ಲಿ ಈಗ ಎಷ್ಟು ನೀರು ಉಳಿದಿದೆ? ಮಾತಾಡುವಾಗ ವಾಕ್ಯದ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದಾರಾ, ಕೇಳಿಸಿಕೊಳ್ಳಿ. ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದಾರಾ ನೋಡಿ. ತುಂಬಾ ಧಗೆ ಇರುವ ದಿನ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಫೋನ್ ಮಾಡಿ. ಪಕ್ಕದ ಮನೆಯವರ ಹತ್ತಿರ ಒಂದು ಬೀಗದ ಕೈ ಇರಲಿ, ಎರಡು ಸಲ ಫೋನ್ ಎತ್ತದಿದ್ದರೆ ಅವರು ಹೋಗಿ ಬಾಗಿಲು ತೆಗೆದು ನೋಡಲಿ.